ತಪ್ಪು ಹೇಳುವ ಬಾಯಿ

ಅವನ ಬಾಯಿ ಎಲ್ಲರ ಬಾಯಿಯ ಹಾಗೆ ಒಟ್ಟಿಗೇ ತೆರೆಯುತ್ತಿರಲಿಲ್ಲ. ಮೊದಲು ಬಲತುದಿ ಮೇಲೇಳುತ್ತಿತ್ತು, ಗಾಳ ಸಿಕ್ಕಿಸಿ ಯಾರೋ ಮೆಲ್ಲಗೆ ಎಳೆದ ಹಾಗೆ. ಆ ಸಂದಿಯಲ್ಲಿ ಒಂದು ಮುಕ್ಕಾದ ಹಲ್ಲು ಕಾಣುತ್ತಿತ್ತು. ಹಲ್ಲು ಕಂಡಿತೆಂದರೆ ಮಾತು ಹೊರಟಿತು ಎಂದೇ ಲೆಕ್ಕ. ಬೆಂಚಿನ ಮೇಲೆ ನಾನು ಅವನ ಬಲಕ್ಕೆ ಕೂರುತ್ತಿದ್ದವನು. ಹಾಗಾಗಿ ಅವನು ಮಾತಾಡುವುದು ಇಡೀ ಕ್ಲಾಸಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಗೊತ್ತಾಗಿ ಏನು ಬಂತು? ಹೊಟ್ಟೆಯಲ್ಲಿ ಉರಿ ಶುರುವಾಗುವುದೂ ಎಲ್ಲರಿಗಿಂತ ಮೊದಲು ನನಗೇ.

ಹಳದೀಪುರದ ಹೈವೇ ಬದಿಯ ಹೈಸ್ಕೂಲಿನಲ್ಲಿ ಅವನು ನನ್ನ ಬೆಂಚಿನವ. ಆಮೇಲೆ ಅವನಿಗೆ ಬೇರೆ ಬೇರೆ ಹೆಸರು, ಕೆಲಸ, ಮನೆ ಎಲ್ಲ ಆಯಿತು. ನನಗೆ ಮಾತ್ರ ಕೊನೆಯವರೆಗೂ ಬೆಂಚಿನವನೇ.

ನಾನು ಹತ್ತನೇ ಕ್ಲಾಸು ಮುಗಿಸಿದವನಲ್ಲ. ಹಾಗೆ ಹೇಳಲು ನನಗೆ ನಾಚಿಕೆಯೂ ಇಲ್ಲ. ಇವತ್ತು ಅದೇ ಹೈವೇ ಬದಿಯಲ್ಲಿ ನನ್ನದೇ ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪು ತಂದು ಹಾಕುತ್ತಾರೆ. ಒಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರ ಸುತ್ತಿ, ವಾರ್ನಿಶ್ ಹಾಕಿ ಒಣಗಿಸಿ ಕೊಡುತ್ತೇನೆ. ನಾನು ಸುತ್ತಿದ ಮೋಟರು ಮತ್ತೆ ಸುಟ್ಟರೆ ಅದು ಕರೆಂಟಿನ ತಪ್ಪು, ನನ್ನದಲ್ಲ. ಇದನ್ನು ಯಾವ ಇಂಜಿನಿಯರನ ಎದುರಿಗೂ ಹೇಳುತ್ತೇನೆ. ನನ್ನ ಎದುರಿನಲ್ಲೇ ಇನ್ನೊಂದು ವೈಂಡಿಂಗ್ ಅಂಗಡಿ ಬಂತು, ಜೊತೆಗೆ ಓದಿದವರು ಗಲ್ಫಿಗೆ ಹೋಗಿ ಬಂದು ಮಹಡಿ ಕಟ್ಟಿದರು. ಯಾರ ಮೇಲೂ ನನಗೆ ಹೊಟ್ಟೆಕಿಚ್ಚು ಹುಟ್ಟಲಿಲ್ಲ. ಜೀವಮಾನದಲ್ಲಿ ಅದು ಹುಟ್ಟಿದ್ದು ಒಬ್ಬನ ಮೇಲೆ. ಅದೂ ಅವನ ಬಾಯಿಯ ಮೇಲೆ.

ಅವರದು ಸಮುದ್ರದ ಬದಿಯ ಕೇರಿ. ಮನೆಯಲ್ಲಿ ಕೊಂಕಣಿ. ಅಪ್ಪ ದೋಣಿಗೆ ಹೋಗುತ್ತಿದ್ದ, ಆಯಿ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಿದ್ದಳು. ನಮ್ಮ ಮನೆಗೂ ಬರುತ್ತಿದ್ದಳು. ಆ ಹೆಂಗಸು ಬಂದದ್ದು ಗೇಟಿನಿಂದಲ್ಲ, ದನಿಯಿಂದ ಗೊತ್ತಾಗುತ್ತಿತ್ತು. ಬೇಲಿಯ ದಣಪೆ ದಾಟುವ ಮೊದಲೇ ಅಲ್ಲಿಂದ ಕೂಗುವುದು: "ಇವತ್ತು ನಿಮ್ಮನೆಯಲ್ಲಿ ಮೀನು ತಿನ್ನೂದಿಲ್ಲ ಅಲ್ದಾ? ಸೋಮವಾರ ಅಲ್ದಾ?" ನಮ್ಮ ಅವ್ವ ಒಳಗಿನಿಂದ ಓಡಿ ಬಂದು, "ಯಾರೇ ಹೇಳಿದ್ದು ನಿಂಗೆ ಸೋಮವಾರ ಅಂತ? ಇವತ್ತು ಮಂಗಳವಾರ!" ಎನ್ನುವಷ್ಟರಲ್ಲಿ ಬುಟ್ಟಿ ನಮ್ಮ ಅಂಗಳದಲ್ಲಿ ಇಳಿದಿರುತ್ತಿತ್ತು. ಮತ್ತೆ ಬಂಗಡೆ ತೆಗೆದುಕೊಳ್ಳದೆ ಅವ್ವ ಒಳಗೆ ಹೋದದ್ದು ನಾನು ಕಂಡಿಲ್ಲ.

ಇವನಿಗೆ ಬಂದ ವಿದ್ಯೆ ಅದೇ. ಆಗ ನನಗೆ ತಿಳಿಯಲಿಲ್ಲ, ಬರೀ ನಾಲಿಗೆಯ ಉದ್ದ ಎಂದುಕೊಂಡಿದ್ದೆ. ಒಮ್ಮೆ ಸಮಾಜದ ಸರ್ ಪರೀಕ್ಷೆಯ ಪೇಪರು ಹಿಡಿದು ಕೆಂಡದಂತೆ ಒಳಗೆ ಬಂದರು. ಕೈಯಲ್ಲಿ ಬೆತ್ತ ಬೇರೆ. ನಾವೆಲ್ಲ ತಲೆ ಬಗ್ಗಿಸಿ ಕೂತಾಗ ನನ್ನ ಪಕ್ಕದಲ್ಲಿ ಆ ಬಲತುದಿ ಮೇಲೆದ್ದಿತು.

"ಸಾರ್, ನಿಮ್ಮ ಊರು ಅಂಕೋಲ ಅಲ್ದಾ ಸಾರ್?"

"ಅಂಕೋಲ ಎಲ್ಲಿಂದ ಬಂತೋ? ನಂದು ಸಿದ್ದಾಪುರ."

"ಹೌದಾ ಸಾರ್? ಸಿದ್ದಾಪುರದಲ್ಲಿ ಚಳಿ ಇರೂದಿಲ್ಲಂತೆ."

"ಯಾರು ಹೇಳಿದ್ದು?" ಎಂದವರು ಬೆತ್ತವನ್ನು ಮೇಜಿನ ಮೇಲಿಟ್ಟರು. ಆ ಪಿರಿಯಡ್ಡು ಪೂರ್ತಿ ಸಿದ್ದಾಪುರದ ಚಳಿಯಲ್ಲೇ ಕಳೆಯಿತು. ಗಂಟೆ ಹೊಡೆದ ಮೇಲೆ ಇವನು ನನ್ನ ತೊಡೆಗೊಂದು ಹೊಡೆದು, "ಕಂಡ್ಯಾ?" ಎಂದ. ನಾನು ಕಂಡಿದ್ದೆ. ಕಂಡು ಉಪಯೋಗವಿರಲಿಲ್ಲ.

ಉಪಯೋಗ ಆಗಬೇಕಾದ ಜಾಗ ಬೇರೆ ಇತ್ತು. ನಮ್ಮ ಕ್ಲಾಸಿನಲ್ಲಿ ಎರಡನೇ ಸಾಲಿನ ಕಿಟಕಿ ಬದಿಗೆ ಒಂದು ಹುಡುಗಿ ಕೂರುತ್ತಿದ್ದಳು. ಊರಿನ ತೋಟದ ಮನೆಯವಳು. ಓದುವಾಗ ಪೆನ್ನಿನ ಮುಚ್ಚಳವನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ತೆಗೆದಾಗ ಅಲ್ಲೊಂದು ಸಣ್ಣ ಉಂಗುರದ ಗುರುತು ಉಳಿಯುತ್ತಿತ್ತು. ಆ ಗುರುತು ಮಾಯುವವರೆಗೆ ನೋಡುತ್ತಿರುವುದು ನನ್ನ ದಿನದ ಕೆಲಸ. ಅವಳ ಜೊತೆ ಒಂದೇ ಒಂದು ಸಲ ನೆಟ್ಟಗೆ ನಿಂತು ಮಾತಾಡಬೇಕು. ಆಮೇಲೆ ಏನಾದರೂ ಆಗಲಿ. ಅಷ್ಟೇ ನನ್ನ ಆಸೆ.

ಕಷ್ಟ ಇದ್ದದ್ದು ಮೊದಲನೇ ಶಬ್ದದಲ್ಲಿ. ನಮ್ಮ ಅವ್ವ ಅವರ ತೋಟಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು, ಅಪ್ಪ ಅವರ ಗದ್ದೆ ಮಾಡುತ್ತಿದ್ದ, ತೆಂಗಿನ ಮರ ಹತ್ತುತ್ತಿದ್ದ. ಅವಳ ಅಪ್ಪನಿಗೆ ನಮ್ಮ ಮನೆಯಲ್ಲಿ ಒಡೆಯ ಎಂದೇ ಹೆಸರು, ಅವಳ ಅಮ್ಮ ಒಡ್ತಿ. ಅವಳು ತೊಟ್ಟಿಲಲ್ಲಿದ್ದಾಗಲೇ ನಮ್ಮ ಅವ್ವನ ಬಾಯಲ್ಲಿ ಸಣ್ಣೊಡ್ತಿ ಆಗಿದ್ದಳು. "ಸಣ್ಣೊಡ್ತಿಗೆ ಜ್ವರ", "ಸಣ್ಣೊಡ್ತಿ ಹೊಸ ಚತ್ರಿ ತಂದದೆ" ಎಂದೇ ನಾನು ಅವಳ ಸುದ್ದಿ ಕೇಳಿ ದೊಡ್ಡವನಾದದ್ದು. ಶಾಲೆಯ ಹಾಜರಿಯಲ್ಲಿ ಅವಳಿಗೊಂದು ಹೆಸರು ಇದೆ ಎಂಬುದೇ ನನಗೆ ಹೊಸ ಸಂಗತಿ. ಆ ಹೆಸರನ್ನು ಮನಸ್ಸಿನಲ್ಲಿ ಸಾವಿರ ಸಲ ಹೇಳಿಕೊಂಡಿದ್ದೇನೆ. ಬಾಯಿಂದ ಕರೆಯಲು ಹೋದರೆ ಗಂಟಲಿನಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ.

ಇವನಿಗೆ ಆ ಬಾಗಿಲೇ ಇರಲಿಲ್ಲ. ಮೊದಲ ವಾರವೇ ಶುರುಮಾಡಿಬಿಟ್ಟಿದ್ದ. ಬಸ್ ಸ್ಟಾಪಿನಲ್ಲಿ ಅವಳು ಕೊಡೆ ಹಿಡಿದು ನಿಂತಿದ್ದಾಗ ನಾಲ್ಕು ಮಾರು ದೂರದಿಂದಲೇ, "ಏ, ಇವತ್ತು ನಿಮ್ಮ ಬದಿಗೆ ಬಸ್ಸಿಲ್ವಂತೆ!" ಎಂದ.

"ಯಾರಾ ಹೇಳಿದ್ದು? ಬಸ್ಸು ಇದ್ದು."

"ಇದ್ದಾ? ಇಲ್ಲ ಅಂದ್ರು."

"ಇಲ್ಲೆ! ಇದ್ದು ಅಂದ್ರೆ ಇದ್ದು."

ಅವಳು ಶಾಲೆಯಲ್ಲಿ ಪುಸ್ತಕದ ಕನ್ನಡವನ್ನೇ ಮಾತಾಡುತ್ತಿದ್ದಳು. ಸಿಟ್ಟೋ ನಗೆಯೋ ಬಂದಾಗ ಮಾತ್ರ ಅವರ ಮನೆಯ ಮಾತು ಹೊರಗೆ ಜಾರುತ್ತಿತ್ತು. ನಾವೆಲ್ಲ 'ಇದೆ' ಅನ್ನುವ ಕಡೆ ಅವರ ಮನೆಯಲ್ಲಿ 'ಇದ್ದು', 'ಇಲ್ಲ' ಅನ್ನುವ ಕಡೆ 'ಇಲ್ಲೆ'. ಆ ಇಲ್ಲೆಯನ್ನು ಕೊನೆಯಲ್ಲಿ ಒಂಚೂರು ಎಳೆದು, ತಲೆಯನ್ನು ಎಡಕ್ಕೆ ಆಡಿಸಿ ಹೇಳುತ್ತಿದ್ದಳು. ಅವಳಿಂದ ದಿನಕ್ಕೊಂದು ಇಲ್ಲೆ ಹೊರಡಿಸುವುದು ಇವನಿಗೆ ಆಟವಾಯಿತು. "ಏ, ನಿಂದು ಹುಟ್ಟಿದ್ದು ಭಟ್ಕಳ ಅಲ್ದಾ?" "ಇಲ್ಲೆ." "ನಿಮ್ಮ ದನ ಸತ್ತೋತಂತೆ?" "ಇಲ್ಲೆ! ಕರು ಹಾಕಿದ್ದು!" ಆಮೇಲೆ ಕರುವಿನ ಬಣ್ಣ, ಅದರ ಹೆಸರು, ಅದು ಒದ್ದದ್ದು, ಎಲ್ಲ. ನಾನು ಅವನ ಪಕ್ಕದಲ್ಲೇ ಚೀಲ ಹಿಡಿದು ನಿಂತಿರುತ್ತಿದ್ದೆ. ಆ ಕರು ಹುಟ್ಟುವಾಗ ಹಟ್ಟಿಯಲ್ಲಿ ಹಿಡಿದುಕೊಂಡವಳು ನಮ್ಮ ಅವ್ವ. ಕರುವಿನ ವಿಷಯ ನನಗೆ ಅವಳಿಗಿಂತ ಮೊದಲು ಗೊತ್ತಿತ್ತು. ಮಾತು ಮಾತ್ರ ಅವನದು.

ಒಂದು ದಿನ ಊಟದ ಹೊತ್ತಿಗೆ ಅವಳು ತನ್ನ ಡಬ್ಬಿಯಿಂದ ಒಂದು ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದು ಅವನ ಅಂಗೈಗೆ ಹಾಕಿದಳು. ಯಾಕೆಂದರೆ ಅವನು, "ನಿಮ್ಮನೆ ಉಪ್ಪಿನಕಾಯಿ ಸಿಹಿಯಂತೆ?" ಎಂದಿದ್ದ. ಅವನು ಅದನ್ನು ಬೆಂಚಿಗೆ ತಂದು, ಹಲ್ಲಿನಲ್ಲಿ ಎರಡು ಮಾಡಿ, ಅರ್ಧ ನನ್ನ ಅನ್ನದ ಮೇಲೆ ಹಾಕಿದ.

"ತಿನ್ನಾ. ನಿನ್ನ ಪಾಲು."

"ನಂಗೆ ಬೇಡ."

"ಬೇಡ ಅಂದ್ರೆ ಎಂತ? ನಿನ್ನ ಮುಖ ನೋಡಿದ್ರೆ ಇಡೀ ಭರಣಿ ಬೇಕು ಅಂತದೆ."

ತಿಂದೆ. ಎಂಥ ಪರಿಮಳ ಅದು! ಹುಳಿ ಹಲ್ಲಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಹುಳಿಯಿಂದ ಎಂದೇ ಅವನು ತಿಳಿದುಕೊಳ್ಳಲಿ ಎಂದು ತಲೆ ಬಗ್ಗಿಸಿಕೊಂಡೆ. ಅವನು ಹಾಗೆ ತಿಳಿದುಕೊಳ್ಳಲಿಲ್ಲ. ಸಂಜೆ ಹೈವೇಯ ಮೋರಿಯ ಮೇಲೆ ಕೂತು ನೇರವಾಗಿ ಕೇಳಿದ.

"ನಿಂಗೆ ಅದ್ರ ಹತ್ರ ಮಾತಾಡಬೇಕು ಅಲ್ದಾ?"

"ಯಾರ ಹತ್ರ?"

"ಕರು ಹತ್ರ! ಯಾರ ಹತ್ರ ಅಂತೆ. ಹೇಳಾ ಮಾರಾಯ."

"ನೀ ಮಾತಾಡ್ತೆ ಅಲ್ಲ, ಸಾಕು."

"ನಂಗೆ ಎಂತದ್ದೂ ಇಲ್ಲ, ಅದ್ಕೇ ಬತ್ತದೆ ಮಾತು. ನಿಂಗೆ ಎದೆಯೊಳಗೆ ಇತ್ತು, ಅದು ಅಡ್ಡ ನಿಂತದೆ." ಆಮೇಲೆ ತನ್ನ ವಿದ್ಯೆಯನ್ನು ಹಾಗೆಯೇ ಬಿಚ್ಚಿಟ್ಟುಬಿಟ್ಟ. "ನೋಡು, ಸರಿ ಹೇಳುಕೆ ಹೋಗಬೇಡ. ಸರಿ ಹೇಳಿದ್ರೆ ಅವ್ರು 'ಹ್ಞೂಂ' ಅಂತ್ರು, ಮುಗದೋತು. ತಪ್ಪು ಹೇಳು. ತಪ್ಪು ಹೇಳಿದ್ರೆ ಯಾರೂ ಸುಮ್ನೆ ಇರೂದಿಲ್ಲ, ತಿದ್ದುಕೆ ಬತ್ರು. ಬಂದ್ರೆ ಆತಲ್ಲ, ಮಾತು ಶುರು."

ಅವತ್ತು ಅವನೇ ಅವಳಾದ. ಮಳೆಗೆಂದು ನಾನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದ ಟವೆಲನ್ನು ಸೆರಗಿನ ಹಾಗೆ ಹಾಕಿಕೊಂಡು, ಪೆನ್ನು ಕೆನ್ನೆಗೆ ಒತ್ತಿ, ಮೋರಿಯ ಮೇಲೆ ಕೂತ. ನಾನು ಆಚೆಯಿಂದ ನಡೆದು ಬರಬೇಕು, ಹೆಸರು ಹಿಡಿದು ಕರೆಯಬೇಕು, "ಇವತ್ತು ಕೊನೇ ಪಿರಿಯಡ್ ಹಿಂದಿ ಅಲ್ದಾ?" ಎನ್ನಬೇಕು. ಹಿಂದಿ ಇರುವುದಿಲ್ಲ, ಡ್ರಾಯಿಂಗ್ ಇರುತ್ತದೆ. ಅವಳು ತಿದ್ದುತ್ತಾಳೆ. ನಾನು ನಡೆದು ಬಂದು ಹೆಸರು ಕರೆದೆ, ಹಿಂದಿ ಎಂದೆ. ಅವನು ತಲೆಯನ್ನು ಎಡಕ್ಕೆ ಆಡಿಸಿ, "ಇಲ್ಲೆ" ಎಂದ. ಎಷ್ಟು ಸರಿಯಾಗಿ ಎಂದರೆ ನನಗೆ ಅವನ ಕುತ್ತಿಗೆ ಹಿಸುಕಬೇಕೆನಿಸಿತು. ಅಷ್ಟು ಹತ್ತಿರದಿಂದ ಅವನು ಅವಳನ್ನು ಕೇಳಿಸಿಕೊಂಡಿದ್ದ.

ಮರುದಿನ ಊಟವಾದ ಮೇಲೆ ಅವಳು ನೀರಿನ ಟ್ಯಾಂಕಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದಳು. ಸುತ್ತ ಬೇರೆ ಹುಡುಗಿಯರೂ ಇದ್ದರು. ಬೆಂಚಿನವ ಹಿಂದಿನಿಂದ ನನ್ನನ್ನು ದೂಡಿದ. ನಡೆದೆ. ಹಿಂದಿ ಸರಿಯಾಗಿ ನೆನಪಿತ್ತು, ಹೆಸರೂ ನೆನಪಿತ್ತು. ಅವಳು ನಲ್ಲಿ ತಿರುಗಿಸಿ ಈ ಕಡೆ ನೋಡಿದಳು. ನಾನು ಬಾಯಿ ತೆರೆದೆ.

"ಒಡ್ತೀ..."

ನನ್ನ ದನಿಯೇ ಅಲ್ಲ ಅದು. ನಮ್ಮ ಅವ್ವ ಅವರ ಅಂಗಳದ ಕೆಳಗೆ ನಿಂತು ಕರೆಯುತ್ತಿದ್ದ ದನಿ, ಎಳೆತವೂ ಅದೇ. ಜೊತೆಗೆ, ಹೇಳಲೇಬೇಕು, ಒಡೆಯರ ಎದುರು ಅಪ್ಪನ ಟವೆಲು ಇಳಿಯುವ ಹಾಗೆ, ಹೆಗಲ ಮೇಲಿನ ಟವೆಲು ನನ್ನ ಕೈಗೆ ತಾನಾಗಿ ಇಳಿದು ಬಂದಿತ್ತು.

ಹುಡುಗಿಯರು ಸಿಡಿದು ನಕ್ಕರು. ಅವಳು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಅವಳ ಬಾಯಿಂದಲೂ ಅವಳ ಅಮ್ಮನ ದನಿಯೇ ಹೊರಟಿತು, ಜಗಲಿಯ ಮೇಲಿಂದ ಕೆಳಗೆ ನೋಡಿ ಕೇಳುವ ದನಿ: "ಎಂತದಾ?"

ಎಂತದೂ ಇರಲಿಲ್ಲ. ಕೊನೆಯ ಪಿರಿಯಡ್ಡು ಹಿಂದಿಯೋ ಡ್ರಾಯಿಂಗೋ ನನಗೆ ಇವತ್ತಿಗೂ ಬೇಡ. ಕಿವಿಯಲ್ಲಿ ನಗೆ ತುಂಬಿಕೊಂಡು ಅಲ್ಲೇ ನಿಂತಿದ್ದೆ. ಆಗ ನನ್ನ ಹಿಂದಿನಿಂದ ಇವನು ಬಂದ. ಇಡೀ ಬಯಲಿಗೆ ಕೇಳುವ ಹಾಗೆ, "ಒಡ್ತೀ, ನಂಗೂ ಸ್ವಲ್ಪ ನೀರು ಬಿಡಿ ಒಡ್ತೀ! ಈ ಬದಿಯ ಒಡ್ತೇರು ಸರೀರಿ, ಆ ಬದಿಯ ಒಡ್ತೇರು ಡಬ್ಬಿ ತೆಗೀರಿ!" ಎಂದು ಕೈ ಮುಗಿದು ನಿಂತುಬಿಟ್ಟ. ಹುಡುಗಿಯರ ನಗೆ ನನ್ನ ಮೇಲಿನಿಂದ ಎದ್ದು ಅವನ ಮೇಲೆ ಹೋಗಿ ಕೂತಿತು. ಅವಳೂ ನಕ್ಕಳು. ನೀರು ಎರಚಿ, "ಹೋಗಾ ಒಡೆಯಾ!" ಎಂದಳು.

ಅವತ್ತಿನಿಂದ ಅವನು ನಮ್ಮ ಕ್ಲಾಸಿನ ಎಲ್ಲ ಹುಡುಗಿಯರಿಗೂ ಒಡ್ತಿ ಎನ್ನತೊಡಗಿದ, ಹುಡುಗರಿಗೆಲ್ಲ ಒಡೆಯ. ಗಂಟೆ ಹೊಡೆಯುವ ಜವಾನನಿಗೂ ಒಡೆಯ, ಕೊನೆಗೆ ಶಾಲೆಯ ಹಿಂದೆ ಮೇಯುವ ಎಮ್ಮೆಗೂ ಒಡ್ತಿ. ವಾರದೊಳಗೆ ಆ ಶಬ್ದ ಎಲ್ಲರ ಬಾಯಲ್ಲಿ ಓಡಾಡಿ, ಸವೆದು, ಯಾರದ್ದೂ ಅಲ್ಲದ್ದಾಯಿತು. ನಾನು ಟ್ಯಾಂಕಿಯ ಹತ್ತಿರ ಅದನ್ನು ಮೊದಲು ಹೇಳಿದವನು ಎಂಬುದೇ ಮರೆತುಹೋಯಿತು. ಅವನು ಬೇಕೆಂದೇ ಹಾಗೆ ಮಾಡಿದ್ದ. ಅದು ಆವತ್ತೇ ನನಗೆ ಗೊತ್ತಿತ್ತು.

ಗೊತ್ತಿದ್ದರೆ ಉರಿ ಕಡಿಮೆಯಾಗುತ್ತದೆಯೆ? ಹೆಚ್ಚಾಯಿತು. ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡ ಶಬ್ದ ಅವನ ಕೈಗೆ ಹೋಗಿ ಹೂವಾಯಿತು. ಅವಳು ಅವನನ್ನು ಮಾತ್ರ ಒಡೆಯ ಎಂದು ಕರೆಯುತ್ತಿದ್ದಳು. ಬಸ್ ಸ್ಟಾಪಿನಲ್ಲಿ, "ಎಂತ ಒಡೆಯಾ, ಇವತ್ತು ಯಾವ ಸುಳ್ಳು?" ಎಂದು ಈಗ ಅವಳೇ ಮಾತು ಶುರುಮಾಡುತ್ತಿದ್ದಳು. ನಾನು ಬಸ್ ಸ್ಟಾಪ್ ಬಿಟ್ಟು ಗದ್ದೆಯ ಅಂಚಿನ ಹಾಳಿಯ ಮೇಲೆ ನಡೆದು ಮನೆಗೆ ಹೋಗತೊಡಗಿದೆ.

ಬಹಳ ದಿನ ಯೋಚಿಸಿ ನನಗೊಂದು ಹೊಳೆಯಿತು. ನಾಲಿಗೆಯ ವಿಷಯವೇ ಅಲ್ಲ ಇದು. ತೋಟದ ಮನೆಯವರು ಮೀನು ತಿನ್ನುವವರಲ್ಲ. ಅವನ ಆಯಿಯ ಬುಟ್ಟಿ ನಮ್ಮ ಅಂಗಳದಲ್ಲಿ ಇಳಿಯುತ್ತಿತ್ತು, ಆ ಮನೆಯ ಮುಂದಿನಿಂದ ಸೀದಾ ಹೋಗುತ್ತಿತ್ತು. ಅವನಿಗೂ ಆ ಮನೆಗೂ ಕೊಡುವುದೂ ಇಲ್ಲ, ತರುವುದೂ ಇಲ್ಲ. ಅದಕ್ಕೇ ಅವನಿಗೆ ಅವಳು ಬರೀ ಕ್ಲಾಸಿನ ಒಂದು ಹುಡುಗಿ. ನನ್ನ ಮನೆಯ ಅನ್ನ ಅವರ ಗದ್ದೆಯದು. ಇಷ್ಟು ಹೊಳೆದ ಮೇಲೆ ಅವನ ಬಾಯಿಯ ಮೇಲಿನ ಹೊಟ್ಟೆಕಿಚ್ಚು ಹೋಗಬೇಕಿತ್ತು. ಅದು ಅವನ ಆಯಿಯ ಬುಟ್ಟಿಯ ಮೇಲೂ ಹಬ್ಬಿತು, ಅಷ್ಟೇ.

ಹತ್ತನೇ ಕ್ಲಾಸಿನ ನಡುವೆ ಅಪ್ಪನ ಸೊಂಟ ಹೋಯಿತು, ಮರ ಹತ್ತುವುದು ನಿಂತಿತು. ನಾನು ಶಾಲೆ ಬಿಟ್ಟು ಕುಮಟೆಯಲ್ಲಿ ಒಬ್ಬರ ವೈಂಡಿಂಗ್ ಅಂಗಡಿಗೆ ಸೇರಿದೆ. ಅಪ್ಪನ ಬದಲು ಆ ತೋಟಕ್ಕೆ ಹೋಗು ಎಂದರು. ಹೋಗಲಿಲ್ಲ. ಕೈ ಸುಟ್ಟುಕೊಂಡರೂ ಸರಿ, ಯಾರಿಗೂ ಒಡೆಯ ಎನ್ನದ ಕೆಲಸ ಬೇಕು ಎಂದಿದ್ದೆ. ಹೊರಡುವ ದಿನ ಬೆಂಚಿನವ ಮೋರಿಯವರೆಗೆ ಬಂದ.

"ಹೋಗ್ತೆ ಅಂತ ಅದ್ಕೆ ಹೇಳಿದ್ಯಾ?"

"ಅದ್ಕೆಂತಕೆ ಹೇಳೂದು?"

"ಆತು. ನಾ ಹೇಳ್ತೆ."

"ನೀ ಎಂತದ್ದೂ ಹೇಳಬೇಡ!" ಎಂದೆ. ನನ್ನ ವಿದಾಯವನ್ನೂ ಅವನ ಬಾಯಿಂದಲೇ ಕಳಿಸಬೇಕೆ? ಅವನು ಪೆಚ್ಚಾಗಿ ನಕ್ಕ. ಆ ಹಲ್ಲು ಕಂಡಿತು, ಮಾತು ಮಾತ್ರ ಬರಲಿಲ್ಲ. ಹಲ್ಲು ಕಂಡೂ ಮಾತು ಬರದಿದ್ದದ್ದು ಅದೊಂದೇ ಸಲ.

ಮುಂದೆ ಅವನು ಮುರ್ಡೇಶ್ವರಕ್ಕೆ ಹೋದ. ಅಲ್ಲೊಂದು ಲಾಡ್ಜಿಗೆ ಜನ ಕರೆತರುವ ಕೆಲಸ. ರೈಲು ಬರುವ ಹೊತ್ತಿಗೆ ಸ್ಟೇಶನ್ನಿನ ಹೊರಗೆ ನಿಲ್ಲುತ್ತಿದ್ದ. ಬೇರೆಯವರೆಲ್ಲ "ರೂಮ್, ರೂಮ್" ಎಂದು ಕೂಗುವಾಗ ಇವನು ಒಂದು ಸಂಸಾರದ ಎದುರು ನಿಂತು, "ನೀವು ಹುಬ್ಬಳ್ಳಿಯವರಲ್ವಾ ಅಣ್ಣಾ?" ಎನ್ನುವುದು. "ಅಲ್ರೀ, ದಾವಣಗೆರೆ." "ಹೌದಾ! ದಾವಣಗೆರೆಯವರು ಇಷ್ಟು ಬೆಳ್ಳಗೆ ಇರೂದಿಲ್ಲಲ?" ಅಷ್ಟರಲ್ಲಿ ಹೆಂಗಸರು ನಗುತ್ತಿದ್ದರು, ಮಕ್ಕಳ ಚೀಲ ಇವನ ಹೆಗಲಿನಲ್ಲಿರುತ್ತಿತ್ತು. ನಾನು ಅಲ್ಲಿಯ ಹೋಟೆಲುಗಳ ಪಂಪು ಬಿಚ್ಚಲು ಹೋದಾಗ ಇದನ್ನು ದೂರ ನಿಂತು ನೋಡಿದ್ದೇನೆ. ಮಣ ಭಾರದ ಮೋಟರನ್ನು ಬಾವಿಯಿಂದ ಎತ್ತಿ ಬೆನ್ನು ಬಗ್ಗಿದ ನಾನು ಒಂದು ಬದಿ. ಮಾತೆತ್ತಿ ಬದುಕುವ ಅವನು ಇನ್ನೊಂದು ಬದಿ. ಕಂಡರೆ ಬಿಡುತ್ತಿರಲಿಲ್ಲ. ಎಳೆದುಕೊಂಡು ಹೋಗಿ ಚಾ ಕುಡಿಸಿ, "ಇವ ನನ್ನ ಒಡೆಯ. ಮೋಟರಿಗೆ ಜೀವ ಕೊಡ್ತ" ಎಂದು ಅಲ್ಲಿದ್ದವರಿಗೆಲ್ಲ ಹೇಳುತ್ತಿದ್ದ. ಅವನ ಮದುವೆಗೆ ಹೋಗಿದ್ದೆ, ನನ್ನ ಮದುವೆಗೆ ಅವನು ಬಂದು ನನ್ನ ಮಾವನ ಕಡೆಯವರನ್ನೆಲ್ಲ ಒಂದೇ ತಾಸಿನಲ್ಲಿ ಗೆದ್ದು ಹೋದ. ನಮ್ಮ ಮಾವ ಇವತ್ತಿಗೂ ಕೇಳುವುದು ಅವನನ್ನೇ.

ಹೋದ ವರ್ಷ ನನ್ನ ಅಂಗಡಿಯ ಮುಂದೆ ಒಂದು ರಿಕ್ಷಾ ನಿಂತಿತು. ಹಿಂದಿನ ಸೀಟಿನಲ್ಲಿ ಗೋಣಿ ಸುತ್ತಿದ ಪಂಪು, ಪಕ್ಕದಲ್ಲಿ ಅವಳು. ಕನ್ನಡಕ ಬಂದಿತ್ತು, ತಲೆಯ ಎದುರು ಬಿಳಿ ಕೂದಲೂ ಬಂದಿತ್ತು. ಅವಳು ಹೊನ್ನಾವರದಲ್ಲಿ ಕಾಲೇಜು ಮೇಡಂ ಆಗಿರುವುದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. ಗಂಟಲಿನ ಬಾಗಿಲು ಅಲ್ಲೇ ಇತ್ತು. ಹೆಸರೂ ಬರಲಿಲ್ಲ, ಆ ಇನ್ನೊಂದು ಶಬ್ದವನ್ನು ಹಲ್ಲು ಕಚ್ಚಿ ಹಿಡಿದುಕೊಂಡೆ. ಆಗ ಬೆಂಚಿನವ ಹಿಂದಿನಿಂದ ದೂಡಿದ ಹಾಗಾಯಿತು.

"ನೀವು ಈಗ ಕುಮಟೆ ಕಾಲೇಜಿನಲ್ಲಿರೂದಲ್ವಾ?" ಎಂದೆ.

"ಅಲ್ಲ, ಹೊನ್ನಾವರ," ಎಂದಳು. "ಮೊದ್ಲಿಂದ್ಲೂ ಹೊನ್ನಾವರವೇ. ಕುಮಟೆಗೆ ಹಾಕಿದ್ರು, ನಾನೇ ಬೇಡ ಅಂದೆ. ಅಮ್ಮ ಒಬ್ಬಳಿಗೇ ತೋಟ ನೋಡಲಿಕ್ಕೆ ಆಗೂದಿಲ್ಲ ಅಲ್ವಾ..." ಹಾಗೆ ಶುರುವಾದದ್ದು, ನಾನು ಪಂಪು ಬಿಚ್ಚಿ ಕರಕಲು ತೋರಿಸುವವರೆಗೂ ನಡೆಯಿತು. ಅಮ್ಮನ ಮಂಡಿನೋವು, ಮಗಳ ಪರೀಕ್ಷೆ, ಮಂಗನ ಕಾಟ. ನನ್ನ ಅವ್ವನನ್ನು ಕೇಳಿದಳು. ನಾನು ನೆಟ್ಟಗೆ ನಿಂತು ಮಾತಾಡಿದೆ. ಸ್ಟೂಲು ಕೊಟ್ಟೆ, ಚಾ ತರಿಸಿದೆ. ನನ್ನ ಅಂಗಡಿಯ ನೆರಳಿನಲ್ಲಿ ಅವಳು ಕೂತಿದ್ದಳು.

"ಶಾಲೆಯಲ್ಲಿ ನೀವು ಮಾತೇ ಆಡ್ತಿರಲಿಲ್ಲ. ನಿಮಗೆ ಬಹಳ ಜಂಬ ಅಂತ ಇತ್ತು ನಮಗೆಲ್ಲ," ಎಂದು ನಕ್ಕಳು.

"ಇತ್ತು ಜಂಬ," ಎಂದೆ.

ಅಷ್ಟು ಹೊತ್ತು ನನ್ನದಾಗಿದ್ದ ಗಳಿಗೆ ಆಮೇಲೆ ಕೈತಪ್ಪಿತು. ಚಾ ಲೋಟ ಕೆಳಗಿಟ್ಟು, ದನಿ ತಗ್ಗಿಸಿ, "ನಮ್ಮ ಒಡೆಯಂಗೆ ಹುಷಾರಿಲ್ಯಡ. ಗೊತ್ತಾತಾ?" ಎಂದಳು. ಇಷ್ಟು ಹೊತ್ತು ನನ್ನ ಜೊತೆ ಆಡಿದ್ದು ಕಾಲೇಜಿನ ಕನ್ನಡ. ಅವನ ಸುದ್ದಿ ಬಂದದ್ದೇ ಮನೆಯ ಮಾತು ಹೊರಗೆ ಜಾರಿತು. ಅವನಿಗೆ ಹುಷಾರಿಲ್ಲ ಎಂಬುದಕ್ಕಿಂತ ಮೊದಲು ಅದು ನನಗೆ ತಾಗಿತು. ಇದ್ದದ್ದನ್ನು ಬರೆಯುತ್ತಿದ್ದೇನೆ.

ಮರುದಿನವೇ ಹೋದೆ. ಸ್ಟೇಶನ್ನಿನಲ್ಲಿ ಯಾರದೋ ಚೀಲ ಹೆಗಲಿಗೆ ಹಾಕುವಾಗ ಕುಸಿದು ಬಿದ್ದಿದ್ದನಂತೆ. ಮಂಗಳೂರಿಗೆ ಒಯ್ದು ತಂದಿದ್ದರು. ಲಕ್ವ ಬಲಬದಿಗೆ ಹೊಡೆದಿತ್ತು. ಮೊದಲು ಮೇಲೇಳುತ್ತಿದ್ದ ಆ ಬಲತುದಿ ಈಗ ಕೆಳಗೆ ಜೋತು, ಅಲ್ಲಿಂದ ಜೊಲ್ಲು ಇಳಿಯುತ್ತಿತ್ತು. ಮಾತಿಲ್ಲ. ಕಣ್ಣು ಮಾತ್ರ ಅದೇ ಕಣ್ಣು.

ಅವನ ಹೆಂಡತಿ ಕುರ್ಚಿ ಕೊಟ್ಟಳು. "ಯಾರು ಬಂದ್ರೂ ಹೀಂಗೇ ಅಣ್ಣ. ಡಾಕ್ಟ್ರು ಮಾತಾಡ್ಸಿ ಅಂದಿದ್ರು. ಎಲ್ರೂ ಬಂದು ಹೆಂಗಿದ್ದೆ, ಹೆಂಗಿದ್ದೆ ಅಂತ್ರು. ಇವ್ರು ಗೋಡೆ ಬದಿಗೆ ತಿರುಗ್ತ್ರು."

ಹೇಗಿದ್ದೀ ಎಂದು ಅವನ ಜೀವನದಲ್ಲಿ ಅವನು ಯಾರನ್ನೂ ಕೇಳಿದವನಲ್ಲ. ನಾನು ಕುರ್ಚಿಯನ್ನು ಅವನ ಬಲಕ್ಕೆ, ನನ್ನ ಹಳೆಯ ಜಾಗಕ್ಕೆ ಎಳೆದುಕೊಂಡೆ.

"ಅತ್ಗೆ, ನಿಮಗೆ ಗೊತ್ತಿತ್ತಾ?" ಎಂದೆ, ಅವನಿಗೆ ಕೇಳುವ ಹಾಗೆ. "ಹೈಸ್ಕೂಲಿನಲ್ಲಿ ಮಾತಿನಲ್ಲಿ ಫಸ್ಟ್ ಇದ್ದವ ನಾನು. ಇವ ಬಾಯಿ ಬಿಡ್ತಿರ್ಲಿಲ್ಲ. ಎಲ್ಲ ನನ್ನ ನೋಡಿ ಕಲ್ತದ್ದು."

ಗೋಡೆ ನೋಡುತ್ತಿದ್ದ ಕಣ್ಣು ಮೆಲ್ಲಗೆ ಈ ಕಡೆ ಬಂತು.

"ಆ ಅಪ್ಪೆಮಿಡಿ ಇತ್ತಲ್ಲ, ಅದೂ ನಂಗೇ ಕೊಟ್ಟದ್ದು. ಪಾಪ ಅಂತ ನಾನೇ ನಿಂಗೆ ಅರ್ಧ ಕೊಟ್ಟೆ. ಹೌದಾ ಅಲ್ದಾ?"

ಅವನ ಕುತ್ತಿಗೆಯ ನರ ಎದ್ದಿತು. ಎಡಗೈ ಹಾಸಿಗೆಯನ್ನು ಹಿಡಿಯಿತು. ಬಾಯಿ ಒಂದೇ ಬದಿಯಿಂದ ಒದ್ದಾಡಿತು. ಉಸಿರು, ಮತ್ತೆ ಉಸಿರು, ಆಮೇಲೆ ನೀರಿನ ಅಡಿಯಿಂದ ಬಂದ ಹಾಗೆ ಒಂದು ಶಬ್ದ.

"ಇ... ಲ್ಲೆ."

ಅವನ ಹೆಂಡತಿ ಓಡಿ ಬಂದಳು. "ಮಾತಾಡಿದ್ರು! ಅಣ್ಣ, ಮಾತಾಡಿದ್ರು! ಎಂತ ಅಂದ್ರು, ಇಲ್ಲೇ ಅಂದ್ರಾ? ಎಲ್ಲಿ, ಇಲ್ಲೇ ನೋವಾ? ಇಲ್ಲೇನ್ರೀ?" ಎಂದು ಅಳುತ್ತ, ನಗುತ್ತ ಅವನ ಭುಜ ತಿಕ್ಕತೊಡಗಿದಳು. ಅವನು ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿ, ತಲೆಯನ್ನು ಒಂಚೂರು ಎಡಕ್ಕೆ ಆಡಿಸಿದ. ಬಾಯಿಯ ಎಡತುದಿ ಮೇಲೆದ್ದಿತು. ಆ ಬದಿಯಲ್ಲಿ ಹಲ್ಲುಗಳೆಲ್ಲ ನೆಟ್ಟಗಿದ್ದವು. ನಾನು ಅವನ್ನು ನೋಡಿದ್ದು ಅದೇ ಮೊದಲು.

ಅವನ ಮನೆಯ ಮಾತು ಕೊಂಕಣಿ. ಅಲ್ಲಿ ಇಲ್ಲ ಎನ್ನಲು 'ನಾ' ಎಂದರೆ ಸಾಕು, ಎಳೆಕೂಸೂ ಹೇಳುತ್ತದೆ. ಕಲಿತ ಭಾಷೆಯಲ್ಲಿ 'ಇಲ್ಲ' ಇತ್ತು. ಎಲ್ಲ ಅಳಿಸಿಹೋದ ಆ ತಲೆಯೊಳಗಿಂದ ಮೊದಲು ಎದ್ದು ಬಂದದ್ದು ಬಸ್ ಸ್ಟಾಪಿನ ಅವಳ ಇಲ್ಲೆ. ಎದೆಯಲ್ಲಿ ಎಂತದ್ದೂ ಇಲ್ಲ ಎಂದಿದ್ದ, ಮೋರಿಯ ಮೇಲೆ ಕೂತು! ನಾನು ಅವನ ಕೈ ಹಿಡಿದುಕೊಂಡಿದ್ದೆ. ಕಣ್ಣಲ್ಲಿ ನೀರೂ ಬಂದಿತ್ತು. ಅದೇ ಹೊತ್ತಿಗೆ ಹೊಟ್ಟೆಯಲ್ಲಿ ಆ ಹಳೆಯ ಉರಿಯೂ ಸುರುಳಿ ಬಿಚ್ಚಿ ಎದ್ದಿತ್ತು. ಎರಡೂ ಒಟ್ಟಿಗೇ.

ಆಮೇಲೆ ಪ್ರತಿ ಭಾನುವಾರ ಹೋಗಿ ತಪ್ಪು ಹೇಳಿ ಬರುತ್ತಿದ್ದೆ. ಶಾಲೆಯ ಎದುರು ಮಾವಿನ ಮರ ಇತ್ತು ಎನ್ನುತ್ತಿದ್ದೆ, ಇದ್ದದ್ದು ಹಲಸು. ಅವನು ಕಷ್ಟಪಟ್ಟು ತಿದ್ದುತ್ತಿದ್ದ. ನಾಲ್ಕಾರು ಶಬ್ದ ಮರಳಿ ಬಂದವು, ಹೆಂಡತಿಯ ಹೆಸರು ಬಂತು. ಪೂರಾ ಬರುವಷ್ಟು ಕಾಲ ಸಿಗಲಿಲ್ಲ. ಮಳೆ ಹಿಡಿಯುವ ಮೊದಲು ಇನ್ನೊಮ್ಮೆ ಹೊಡೆಯಿತು, ಹೋದ. ಸುಡುವಲ್ಲಿಗೆ ಬಂದವರಲ್ಲಿ ಅರ್ಧ ಜನ ರಿಕ್ಷಾದವರು, ಸ್ಟೇಶನ್ನಿನವರು. ನನ್ನ ಮಾವ ಬಂದಿದ್ದರು.

ಅವಳು ಬಂದದ್ದು ಕೆಲವು ದಿನಗಳ ನಂತರ, ತೋಟದ ಇನ್ನೊಂದು ಪಂಪು ತೋರಿಸಲು. ಈಗ ನಮ್ಮಿಬ್ಬರಿಗೂ ಮಾತಿಗೆ ತೊಂದರೆಯಿಲ್ಲ. ಬಂದವಳೇ ಸ್ಟೂಲು ಎಳೆದುಕೊಂಡು ಕೂರುತ್ತಾಳೆ. ಅವತ್ತು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದಳು.

"ಬಿದ್ದ ಮೇಲೆ... ಎಂತಾದ್ರೂ ಮಾತಾಡಿದ್ನಾ?"

ಅವಳ ಕೆನ್ನೆಯನ್ನು ನೋಡಿದೆ. ಪೆನ್ನಿನ ಮುಚ್ಚಳದ ಗುರುತು ಇರುತ್ತಿದ್ದ ಜಾಗದಲ್ಲಿ ಈಗ ಸಣ್ಣದೊಂದು ಗೆರೆ. ಅವನು ನನಗೆ ಮಾತು ಕೊಟ್ಟವನು. ಈ ಸ್ಟೂಲಿನ ಮೇಲೆ ಅವಳು ಕೂತಿರುವುದೂ ಅವನ ಕೊಡುಗೆಯೇ. ಎಲ್ಲ ನನಗೆ ಗೊತ್ತು. ಆದರೂ ಅದೊಂದು ಶಬ್ದವನ್ನು ಕೊಡಲು ಕೈ ಬರಲಿಲ್ಲ.

"ಇಲ್ಲ," ಎಂದೆ.

ತಪ್ಪು ಹೇಳಿದ್ದೆ. ತಿದ್ದಲು ಅವನಿರಲಿಲ್ಲ.